ಗಾಳಿ ಮಾರಿದ ಲೆಕ್ಕ

ಹಳೇ ದಾವಣಗೆರೆಯ ಅಂಗಡಿಗಳಲ್ಲಿ ಮಂಡಕ್ಕಿಯನ್ನು ಇವತ್ತಿಗೂ ತೂಗುವುದಕ್ಕಿಂತ ಅಳೆಯುವುದೇ ರೂಢಿ. ಸೇರಿಗೆ ಇಷ್ಟು, ಚೀಲಕ್ಕೆ ಇಷ್ಟು. ತಕ್ಕಡಿ ಪಕ್ಕದಲ್ಲೇ ಇರುತ್ತದೆ, ಆದರೆ ಅದು ಪುಟಾಣಿಗೆ, ಶೇಂಗಾಕ್ಕೆ, ಖಾರದ ಪುಡಿಗೆ. ಭಟ್ಟಿಯಿಂದ ಹೊರಟ ಮಂಡಕ್ಕಿ ಚೀಲಗಳನ್ನು ಟಿವಿಎಸ್ ಗಾಡಿಗೆ ಕಟ್ಟಿಕೊಂಡು ಹೋಗುವವರನ್ನು ಈ ಊರಲ್ಲಿ ನೋಡದವರಿಲ್ಲ. ಹಿಂದಿನಿಂದ ಗಾಡಿಯೂ ಕಾಣದು, ಹೊಡೆಯುವವನೂ ಕಾಣ; ಚೀಲಗಳೇ ರಸ್ತೆ ಮೇಲೆ ತೇಲುತ್ತಿರುತ್ತವೆ. ಅಷ್ಟೂ ಸೇರಿ ಒಬ್ಬ ದಪ್ಪ ಮನುಷ್ಯನ ತೂಕ ಬಂದರೆ ಹೆಚ್ಚು. ಲೋಡಿಗೆ ಬಾಡಿಗೆ ಹೇಳುವ ಆಟೋದವರು ಚೀಲ ಎಣಿಸುತ್ತಾರೆ, ಕೆಜಿ ಕೇಳುವುದಿಲ್ಲ.

ಇದನ್ನೆಲ್ಲ ಚಿಕ್ಕಂದಿನಿಂದ ನೋಡಿಯೇ ಬೆಳೆದವನು ನಾನು. ಆದರೂ ಮಂಡಕ್ಕಿಯನ್ನು ಕಿಲೋ ಲೆಕ್ಕದಲ್ಲಿ ಆನ್‌ಲೈನ್‌ಗೆ ಹಾಕಿ, ಕಿಲೋ ಲೆಕ್ಕದಲ್ಲೇ ಲಾಭ ಹಾಕಿ, ಅಪ್ಪನ ಕಿರಾಣಿ ಅಂಗಡಿಯ ಬಂಡವಾಳದಲ್ಲಿ ಮುಕ್ಕಾಲು ಪಾಲು ಕರಗಿಸಿದೆ. ಅದರ ವಿವರ ಇದು.

ನಮ್ಮದು ಹರಿಹರ. ದಾವಣಗೆರೆಗೆ 14 ಕಿಲೋಮೀಟರ್ ಆಸುಪಾಸು, ಬಸ್ಸಲ್ಲಿ ಕೂತು ಫೋನ್ ನೋಡಿ ಮುಗಿಸುವಷ್ಟರಲ್ಲಿ ಊರು ಬಂದಿರುತ್ತದೆ. ಅಪ್ಪ ಇಲ್ಲಿನ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಇದ್ದವು. ಅದು ಮುಚ್ಚಿದಾಗ ಹರಿಹರದ ಎಷ್ಟು ಮನೆಗಳಲ್ಲಿ ಒಲೆ ತಣ್ಣಗಾಯಿತು ಎನ್ನುವುದನ್ನು ನಮ್ಮ ವಯಸ್ಸಿನವರಿಗೆ ಹೇಳಬೇಕಿಲ್ಲ. ಅಪ್ಪ ಬಂದ ಅಷ್ಟಿಷ್ಟು ದುಡ್ಡಿನಲ್ಲಿ ಕಿರಾಣಿ ಅಂಗಡಿ ಹಾಕಿದರು. ನಾನು ಡಿಗ್ರಿ ಮುಗಿಸಿ, ದಾವಣಗೆರೆಯಲ್ಲಿ ಮೊಬೈಲ್ ಅಂಗಡಿಯೊಂದರಲ್ಲಿ ಕೆಲವು ವರ್ಷ ದುಡಿದು, ಕೊನೆಗೆ ಅದೇ ಗಲ್ಲಾಪೆಟ್ಟಿಗೆಯ ಹಿಂದೆ ಬಂದು ಕೂತೆ. ಕೂತಲ್ಲೇ ದೊಡ್ಡವನಾಗಬೇಕೆಂಬ ಆಸೆ. ಫ್ಲಿಪ್‌ಕಾರ್ಟ್ 2007ರಲ್ಲಿ, ಮೀಶೋ 2015ರಲ್ಲಿ ಹುಟ್ಟಿದ್ದು ನಮ್ಮದೇ ಬೆಂಗಳೂರಿನಲ್ಲಿ. ಇಡೀ ದೇಶ ನಮ್ಮ ರಾಜ್ಯದಲ್ಲಿ ಕಟ್ಟಿದ ಅಂಗಡಿಯಲ್ಲಿ ಕೊಳ್ಳುತ್ತಿರುವಾಗ ಹರಿಹರದವನಿಗೆ ಅದರಲ್ಲೊಂದು ಮೂಲೆ ಸಿಗಬಾರದೇ ಎಂದು ಮಾತಾಡಿಕೊಂಡು ತಿರುಗುತ್ತಿದ್ದೆ.

ಸರಕು ಯಾವುದೆಂದು ಬಹಳ ಯೋಚಿಸಬೇಕಾಗಲಿಲ್ಲ. ದಾವಣಗೆರೆ ಅಂದರೆ ಹೊರಗಿನವರಿಗೆ ಬೆಣ್ಣೆದೋಸೆ, ಒಳಗಿನವರಿಗೆ ಮಂಡಕ್ಕಿ-ಮೆಣಸಿನಕಾಯಿ. ದೋಸೆಯನ್ನು ಪಾರ್ಸೆಲ್ ಕಳಿಸಲಾಗದು. ಮಂಡಕ್ಕಿ ಕಳಿಸಬಹುದು. ಒಂದು ಕಿಲೋ ಮಂಡಕ್ಕಿ, ಜೊತೆಗೆ ನಮ್ಮ ಮನೆಯ ಮಸಾಲೆಯ ಪೊಟ್ಟಣ: ಪುಟಾಣಿ ಹಿಟ್ಟು, ಬ್ಯಾಡಗಿ ಖಾರ, ಬೆಳ್ಳುಳ್ಳಿ, ಹುರಿದ ಜೀರಿಗೆ. ಬೆಲೆ 249 ರೂಪಾಯಿ. ಅದೇ ಥರದ ಪ್ಯಾಕನ್ನು ಬೇರೆ ಊರಿನವರು ಆಗಲೇ ನೂರು ರೂಪಾಯಿ ಹೆಚ್ಚಿಗೆ ಮಾರುತ್ತಿದ್ದರು. ಅವರು ಯಾಕೆ ಅಷ್ಟು ಇಟ್ಟಿದ್ದಾರೆ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಆಸೆಬುರುಕರು ಅಂದುಕೊಂಡೆ.

ಮಂಡಕ್ಕಿ ತರುತ್ತಿದ್ದದ್ದು ದಾವಣಗೆರೆಯ ಭಟ್ಟಿಯಿಂದ. ಭಟ್ಟಿ ನೋಡದವರಿಗೆ ಒಂದು ಮಾತು: ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿಗೆ ಉಪ್ಪುನೀರು ಹಿಡಿಸಿರುತ್ತಾರೆ. ಕಾದ ಮರಳಿನ ಬಾಣಲೆಗೆ ಆ ಅಕ್ಕಿ ಬಿದ್ದ ಕೂಡಲೇ ಚಟಪಟ ಸದ್ದು. ಕೈ ನಿಲ್ಲಿಸದೆ ಆಡಿಸಿ, ಜರಡಿಗೆ ಸುರಿದರೆ ಮರಳು ಕೆಳಗೆ, ಬಿಳಿ ಮಂಡಕ್ಕಿ ಮೇಲೆ. ಒಂದು ಬೊಗಸೆ ಅಕ್ಕಿ ಒಳಗೆ ಹೋಗಿ ಒಂದು ಮೊರ ತುಂಬ ಹೊರಗೆ ಬರುತ್ತದೆ. ಆ ಸೆಕೆಯಲ್ಲಿ ಐದು ನಿಮಿಷ ನಿಂತವರಿಗೆ ಮಂಡಕ್ಕಿಯ ಬೆಲೆ ಕಮ್ಮಿ ಅಂತಲೇ ಅನ್ನಿಸುತ್ತದೆ.

ನಾನು ಆನ್‌ಲೈನ್ ವಿಷಯ ಹೇಳಿದಾಗ ಭಟ್ಟಿಯ ಸಾಬರು ಕೇಳಿದ್ದು ಒಂದೇ ಪ್ರಶ್ನೆ. "ತಮ್ಮಾ, ಬಾಡಿಗಿ ಹೆಂಗ ಹಾಕ್ತಾರ? ಚೀಲದ ಲೆಕ್ಕ ಏನು?"

"ಅದೆಲ್ಲ ಕಂಪ್ಯೂಟರ್ ನೋಡ್ಕೊಳ್ತದ ಸಾಬ್ರೆ," ಅಂದೆ.

ಅವರು ಮತ್ತೆ ಏನೂ ಕೇಳಲಿಲ್ಲ. ಓದಿದ ಹುಡುಗ, ಇರಬಹುದು ಅಂದುಕೊಂಡಿರಬೇಕು. ಅವರಿಗೆ ಆನ್‌ಲೈನ್ ಏನು ಗೊತ್ತು ಅಂತ ನಾನೂ ಅಂದುಕೊಂಡೆ. ಅವತ್ತು ಆ ಪ್ರಶ್ನೆಗೆ ಉತ್ತರ ಹುಡುಕಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಕಾಗದಪತ್ರದಲ್ಲಿ ಮಾತ್ರ ನಾನು ಜಾಣ. ಜಿಎಸ್‌ಟಿಯಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿವರೆಗೆ ನೋಂದಣಿ ಬೇಡ ಎನ್ನುವುದು ಅಂಗಡಿಯವರಿಗೆಲ್ಲ ಗೊತ್ತು. ಆನ್‌ಲೈನ್ ಕಂಪನಿಗಳ ಮೂಲಕ ಮಾರುವವರಿಗೆ ಆ ರಿಯಾಯಿತಿ ಬಹಳ ಕಾಲ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ ರಾಜ್ಯದ ಒಳಗಷ್ಟೇ ಮಾರುವ ಸಣ್ಣವರಿಗೆ, ಪೋರ್ಟಲ್‌ನಲ್ಲಿ ಹೆಸರು ಬರೆಸಿ ಒಂದು ಎನ್ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು ಎಂದಾಯಿತು. ಅಷ್ಟಕ್ಕೇ ನಿಲ್ಲಬಹುದಿತ್ತು. ನನಗೆ ಪುಣೆ ಬೇಕು, ಹೈದರಾಬಾದ್ ಬೇಕು. ಪೂರ್ತಿ ನೋಂದಣಿಯನ್ನೇ ಮಾಡಿಸಿದೆ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಸಣ್ಣವರಿಗೆ ವರ್ಷಕ್ಕೆ ನೂರು ರೂಪಾಯಿ, ಅದೂ ಆಯಿತು. ಪೊಟ್ಟಣದ ಮೇಲೆ ನಿವ್ವಳ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ತಿಂಗಳು, ವಿಳಾಸ, ದೂರು ಹೇಳಲು ಫೋನ್ ನಂಬರ್ ಎಲ್ಲ ಕ್ರಮವಾಗಿ ಅಚ್ಚಾದವು. ಚೀಲದಿಂದ ಅಳೆದು ಕೊಟ್ಟರೆ ತೆರಿಗೆ ಇಲ್ಲದ ಮಂಡಕ್ಕಿ, ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ತಕ್ಷಣ 5 ಪರ್ಸೆಂಟಿನದಾಗುತ್ತದೆ ಎನ್ನುವುದೂ ಗೊತ್ತಿತ್ತು. 2022ರ ಜುಲೈ 18ರಿಂದ ಹಾಗೆ. ಆಡಿಟರ್ ಬೆನ್ನು ತಟ್ಟಿದರು. "ನಿನ್ನಷ್ಟು ಕ್ಲೀನಾಗಿ ಯಾರೂ ಬರಲ್ಲಪ್ಪ," ಅಂದರು.

ಮನೆಯ ಮೇಲಿನ ರೂಮಿನಲ್ಲಿ ಪ್ಯಾಕಿಂಗ್. ಹೆಂಡತಿ, ಜೊತೆಗೆ ಓಣಿಯ ಇಬ್ಬರು ಹೆಣ್ಣುಮಕ್ಕಳು, ಪ್ಯಾಕಿಗೆ ಇಷ್ಟು ಅಂತ ಕೂಲಿ. ಮಂಡಕ್ಕಿ ನುಚ್ಚಾಗಬಾರದಲ್ಲ, ಅದಕ್ಕೆ ಪೌಚಿನಲ್ಲಿ ಗಾಳಿ ಬಿಟ್ಟು ಸೀಲ್, ಸುತ್ತ ಬಬಲ್ ಶೀಟ್, ಹೊರಗೆ ಗಟ್ಟಿ ರಟ್ಟಿನ ಡಬ್ಬಿ. 30 ಸೆಂಟಿಮೀಟರ್ ಉದ್ದ, 25 ಅಗಲ, 20 ಎತ್ತರ. ಮೇಲೆ ನಮ್ಮ ಬ್ರ್ಯಾಂಡಿನ ಹೆಸರು, ಕೆಂಪು ಅಕ್ಷರ. ಡಬ್ಬಿ ಅಚ್ಚು ಹಾಕಿಸುವಾಗ ಕಮ್ಮಿ ರೇಟು ಸಿಗುತ್ತದೆಂದು ಸಾವಿರಗಟ್ಟಲೆ ಹಾಕಿಸಿದೆ.

2024ರ ದೀಪಾವಳಿಗೆ ಶುರು. ಮೊದಲ ದಿನಗಳಲ್ಲಿ ಫೋನ್ ಟಿಂಗ್ ಎಂದರೆ ಮನೆಮಂದಿಯೆಲ್ಲ ಓಡಿ ಬರುತ್ತಿದ್ದೆವು. ಬೆಂಗಳೂರಿನಲ್ಲಿ ಇರುವ ನಮ್ಮ ಕಡೆಯವರೇ ಹೆಚ್ಚು. "ಈ ರೇಟಿಗೆ ಇಷ್ಟು ಕ್ವಾಲಿಟಿ ಎಲ್ಲೂ ಇಲ್ಲ" ಎಂದು ಒಬ್ಬರು ಐದು ಸ್ಟಾರ್ ಒತ್ತಿ ಬರೆದಿದ್ದರು. ಆ ಮಾತು ಅಕ್ಷರಶಃ ನಿಜವಾಗಿತ್ತು ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆ ರೇಟಿಗೆ ಎಲ್ಲೂ ಇರಲು ಸಾಧ್ಯವೇ ಇರಲಿಲ್ಲ.

ನನ್ನ ಲೆಕ್ಕ ಹೀಗಿತ್ತು. 249ರಲ್ಲಿ ಕಮಿಷನ್ ಮತ್ತು ಫಿಕ್ಸೆಡ್ ಫೀ ಎಂದು 35. ಒಂದು ಕಿಲೋ ಚಿಲ್ಲರೆ ಪಾರ್ಸೆಲ್‌ಗೆ ಶಿಪ್ಪಿಂಗ್ 65. ಒಟ್ಟು ನೂರರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಲ್ಲಿಗೆ 118. ಕೈಗೆ 131. ಮಂಡಕ್ಕಿ, ಮಸಾಲೆ, ಪೌಚು, ಡಬ್ಬಿ, ಕೂಲಿ ಸೇರಿ ಅಸಲು 85. ಪ್ಯಾಕಿಗೆ 46 ರೂಪಾಯಿ ಲಾಭ. ಕಿರಾಣಿಯಲ್ಲಿ ಒಂದು ಕಿಲೋ ಸಕ್ಕರೆ ಮಾರಿದರೆ ಏನು ಉಳಿಯುತ್ತದೆಂದು ಬಲ್ಲವರಿಗೆ 46 ರೂಪಾಯಿ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ.

ಪಾರ್ಸೆಲ್ ಸಾಗಿಸುವವರ ಲೆಕ್ಕ ಬೇರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ, ತಕ್ಕಡಿಯ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ವಾಲ್ಯೂಮೆಟ್ರಿಕ್ ತೂಕ ಅನ್ನುತ್ತಾರೆ. ವಿಮಾನದಲ್ಲಾಗಲಿ ಲಾರಿಯಲ್ಲಾಗಲಿ ಜಾಗಕ್ಕೆ ಬೆಲೆ ಇದೆ, ಹತ್ತಿ ತುಂಬಿದವನೂ ಕಬ್ಬಿಣ ತುಂಬಿದವನೂ ಅದನ್ನು ಕೊಡಲೇಬೇಕು. ನಮ್ಮ ಡಬ್ಬಿಯ 30, 25, 20 ಗುಣಿಸಿದರೆ 15,000. ಭಾಗಿಸಿದರೆ 3. ಒಂದು ಕಿಲೋ ಮಂಡಕ್ಕಿ ಅವರ ಪುಸ್ತಕದಲ್ಲಿ ಮೂರು ಕಿಲೋ.

ಮೂರು ಕಿಲೋಗೆ ಶಿಪ್ಪಿಂಗ್ 138. ಅದಕ್ಕೆ 35 ಕೂಡಿಸಿ, ಮೇಲೆ 18 ಪರ್ಸೆಂಟ್ ಹಾಕಿದರೆ 204 ದಾಟುತ್ತದೆ. ನನಗೆ ಉಳಿಯುವುದು 45. ಅಸಲು 85. ಅಂದರೆ ಪ್ರತಿ ಡಬ್ಬಿಯ ಒಳಗೆ ನನ್ನ ಕೈಯಾರೆ ನಲವತ್ತು ರೂಪಾಯಿ ಇಟ್ಟು ಸೀಲ್ ಮಾಡಿ ಕಳಿಸುತ್ತಿದ್ದೆ.

ಇದು ಮೊದಲ ವಾರವೇ ಕಾಣಬೇಕಿತ್ತಲ್ಲ ಎಂದು ಯಾರಾದರೂ ಕೇಳುತ್ತಾರೆ. ಕಾಣದಿದ್ದಕ್ಕೆ ಎರಡು ಕಾರಣ. ಪಟ್ಟಿ ಹಾಕುವಾಗ ನಾನು ತೂಕ ಒಂದು ಕಿಲೋ ಎಂದು ತುಂಬಿ, ಅಳತೆಯ ಕಾಲಂಗಳಲ್ಲಿ ಪೌಚಿನ ಅಳತೆ ಹಾಕಿದ್ದೆ, ಡಬ್ಬಿಯದ್ದಲ್ಲ. ಶುರುವಿನಲ್ಲಿ ಅವರು ನಾನು ಹೇಳಿದ್ದನ್ನೇ ನಂಬಿ ಕತ್ತರಿಸಿದರು. ಆಮೇಲೆ ಅವರ ಗೋದಾಮಿನ ಯಂತ್ರ ಡಬ್ಬಿ ಅಳೆಯಿತು, ಹಿಂದಿನ ವ್ಯತ್ಯಾಸವೆಲ್ಲ ಒಟ್ಟಿಗೆ ಬಂತು. ನಾನು ತಕರಾರು ಹಾಕಿದೆ. ಡಬ್ಬಿಯನ್ನು ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲಿಟ್ಟು, ಅಂಕಿ ಕಾಣುವ ಹಾಗೆ ಫೋಟೋ ತೆಗೆದು ಕಳಿಸಿದೆ. ಅವರು ಅದೇ ಡಬ್ಬಿಯನ್ನು ಮೂರು ಕಡೆಯಿಂದ ಅಳೆದ ಫೋಟೋ ಕಳಿಸಿ ಕೇಸು ಮುಚ್ಚಿದರು. ಕಳ್ಳರು, ಸಣ್ಣವರನ್ನು ತಿನ್ನುತ್ತಾರೆ ಎಂದು ಊರೆಲ್ಲ ಬೈದುಕೊಂಡು ಬಂದೆ. ನಿಯಮ ನಾನು ಟಿಕ್ ಮಾಡಿದ ಷರತ್ತಿನಲ್ಲೇ ಇತ್ತು.

ಎರಡನೆಯ ಕಾರಣ ಇನ್ನೂ ನಾಚಿಕೆಯದು. ನಾನು ಸ್ಟೇಟ್‌ಮೆಂಟ್ ತೆರೆಯುತ್ತಿರಲಿಲ್ಲ. ಪ್ರತಿ ಆರ್ಡರಿಗೆ ಏನು ಬಂತು, ಏನು ಹೋಯಿತು ಎಂಬ ಎಕ್ಸೆಲ್ ಫೈಲು ವಾರ ವಾರ ಸಿಗುತ್ತಿತ್ತು. ಅಷ್ಟು ಕಾಲಂ ನೋಡಿದರೆ ತಲೆ ತಿರುಗುತ್ತಿತ್ತು. ಬ್ಯಾಂಕಿಗೆ ಒಂದು ಮೊತ್ತ ಬೀಳುತ್ತಿತ್ತು, ಅದು ಪ್ರತಿ ವಾರ ಹೆಚ್ಚುತ್ತಿತ್ತು, ಆರ್ಡರ್ ಹೆಚ್ಚಾದಾಗ ಹೆಚ್ಚಲೇಬೇಕಲ್ಲ. ಅದನ್ನೇ ಲಾಭ ಅಂದುಕೊಂಡೆ. ಮಂಡಕ್ಕಿ, ಡಬ್ಬಿ, ಕೂಲಿಯ ದುಡ್ಡು ಹೋಗುತ್ತಿದ್ದದ್ದು ಕಿರಾಣಿಯ ಗಲ್ಲಾದಿಂದ. ಎರಡು ಲೆಕ್ಕ ಒಂದೇ ಕಡೆ ಕೂಡಲೇ ಇಲ್ಲ. ಅಂಗಡಿಯಲ್ಲಿ ಎಣ್ಣೆ ಡಬ್ಬ, ಬೇಳೆ ಮೂಟೆ ಕಡಿಮೆಯಾಗುತ್ತಾ ಬಂದಾಗ ಅಪ್ಪ ಕೇಳಿದರು. "ಆನ್‌ಲೈನ್‌ನವರ ಪೇಮೆಂಟ್ ಲೇಟಪ್ಪ, ಬರುತ್ತೆ," ಅಂದೆ. ಮೊದಲ ಸಲ ಹಾಗೆ ಹೇಳಿದಾಗ ನಂಬಿಯೇ ಹೇಳಿದ್ದೆ. ಆಮೇಲಾಮೇಲೆ ನಂಬಿಕೆ ಹೋಗಿತ್ತು, ಮಾತು ಮಾತ್ರ ಅದೇ. ನಷ್ಟಕ್ಕಿಂತ ಈ ಮಾತು ನನಗೆ ಈಗಲೂ ಚುಚ್ಚುತ್ತದೆ.

2025ರ ಏಪ್ರಿಲ್‌ನಲ್ಲಿ ಒಂದು ಸುದ್ದಿ ಬಂತು. ಅಮೆಜಾನ್ 300 ರೂಪಾಯಿಗಿಂತ ಕಮ್ಮಿ ಬೆಲೆಯ ಒಂದು ಕೋಟಿಗೂ ಹೆಚ್ಚು ಸರಕುಗಳ ಮೇಲೆ ಕಮಿಷನ್ ಸೊನ್ನೆ ಮಾಡಿದೆ ಎಂದು. ನಾನು ಮಾರುತ್ತಿದ್ದ ಜಾಗ ಬೇರೆ, ಆದರೆ ಒಬ್ಬರು ಇಳಿಸಿದರೆ ಎಲ್ಲರೂ ಇಳಿಸುತ್ತಾರೆ, ಈಗಲೇ ಹೆಸರು ಮಾಡಿಕೊಳ್ಳಬೇಕು ಎಂದು ಜಾಹೀರಾತಿಗೆ ಸುರಿದೆ. ಯಾರೋ ನಮ್ಮ ಮಂಡಕ್ಕಿಯ ಚಿತ್ರ ಒತ್ತಿದರೂ ನನ್ನ ದುಡ್ಡು ಕರಗುತ್ತಿತ್ತು, ಕೊಳ್ಳಲಿ ಬಿಡಲಿ. ಕಮಿಷನ್ ನನ್ನ ರೋಗವೇ ಆಗಿರಲಿಲ್ಲ. ಅದು ಸೊನ್ನೆಯಾಗಿ ಫಿಕ್ಸೆಡ್ ಫೀ ಮಾತ್ರ ಉಳಿದಿದ್ದರೂ ಪ್ಯಾಕಿಗೆ ನಷ್ಟವೇ.

ಜೂನ್ ಬಂತು. ಮಳೆ, ಜೊತೆಗೆ ಕ್ಯಾಶ್ ಆನ್ ಡೆಲಿವರಿ. ದುಡ್ಡು ಕೊಡದೆ ಆರ್ಡರ್ ಮಾಡಿದವರು ಡಬ್ಬಿ ಬಾಗಿಲಿಗೆ ಬಂದಾಗ ಊರಲ್ಲಿರುವುದಿಲ್ಲ, ಇದ್ದರೂ ಬೇಡ ಅನ್ನುತ್ತಾರೆ. ನಾಗಪುರಕ್ಕೆ ಹೋದ ಡಬ್ಬಿ ಎಷ್ಟೋ ಗೋದಾಮು ಸುತ್ತಿ ವಾಪಸ್ ಹರಿಹರಕ್ಕೆ ಬಂತು. ಒಂದು ಮೂಲೆ ನಜ್ಜುಗುಜ್ಜಾಗಿ, ಕೆಂಪು ಅಕ್ಷರ ನೀರು ಹತ್ತಿ ಹರಡಿತ್ತು. ಒಳಗೆ ಸೀಲ್ ಬಿಟ್ಟುಕೊಂಡ ಪೌಚು. ಒಂದು ಹಿಡಿ ಬಾಯಿಗೆ ಹಾಕಿದೆ. ಹಲ್ಲಿಗೆ ಸದ್ದೇ ಬರಲಿಲ್ಲ, ಮೆತ್ತಗೆ, ರಬ್ಬರಿನಂತೆ. ಅರ್ಧ ನುಚ್ಚು. ಅದನ್ನು ಮತ್ತೆ ಹುರಿದು ಮಾರಲು ಮನಸ್ಸು ಬರಲಿಲ್ಲ, ಅಷ್ಟರ ಮಟ್ಟಿಗೆ ನೀತಿವಂತನೇ. ಎಮ್ಮೆ ಸಾಕಿದವರ ಮನೆಗೆ ಹೋಯಿತು. ಹರಿಹರದಲ್ಲಿ ಆ ಮಳೆಗಾಲದಲ್ಲಿ ಮಸಾಲೆ ಪೊಟ್ಟಣದ ಜೊತೆ ಮಂಡಕ್ಕಿ ತಿಂದ ಎಮ್ಮೆಗಳಿವೆ.

ಲೆಕ್ಕ ಬಯಲು ಮಾಡಿದ್ದು ಅಪ್ಪ. ವಾಪಸ್ ಬಂದ ಡಬ್ಬಿಗಳು ಜಗಲಿಯಲ್ಲಿ ಪೇರಿಸಿದ್ದವು. ಒಂದು ಮಧ್ಯಾಹ್ನ ಅಪ್ಪ ಒಳಗಿನಿಂದ ಕಾರ್ಖಾನೆಯ ಕಾಲದ ಸ್ಟೀಲ್ ಸ್ಕೇಲು ತಂದರು. ಅಂಚಿನಲ್ಲಿ ಅಂಕಿಗಳು ಸವೆದಿವೆ, ಅವರ ಬೆರಳಿಗೆ ಮಾತ್ರ ಗೊತ್ತು. ಡಬ್ಬಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಸ್ಕೇಲನ್ನು ಅಂಚಿಗೆ ಒತ್ತಿ ಹಿಡಿದು, ಉದ್ದ, ಅಗಲ, ಎತ್ತರ ಬರೆದುಕೊಂಡರು. ನಾನು ಬೈದುಕೊಂಡು ತಿರುಗುತ್ತಿದ್ದ ಆ ಕಂಪನಿಯ ಕಾಗದವನ್ನು ಓದಿ ಹೇಳು ಅಂದರು. ಓದಿದೆ. ಕ್ಯಾಲೆಂಡರಿನ ಹಿಂದೆ ಗುಣಿಸಿ, ಭಾಗಿಸಿ, ಸಂಖ್ಯೆಗೆ ಸುತ್ತು ಹಾಕಿದರು.

"ಮೂರೇ ಬರ್ತದಲ್ಲೋ. ಅವರದ್ದೇನು ತಪ್ಪು?"

ನಾನು ಸುಮ್ಮನಿದ್ದೆ.

"ಒಳಗ ಏನು ಕಳಿಸ್ತಿದ್ದಿ ಅಂತ ಮೊದಲು ನೋಡಬೇಕಿತ್ತು. ಇದ್ರಾಗ ಮುಕ್ಕಾಲು ಗಾಳಿ ಐತಿ."

ಅವತ್ತು ರಾತ್ರಿ ಇಬ್ಬರೂ ಕೂತು ದೀಪಾವಳಿಯಿಂದ ಆಚೆಯ ಎಲ್ಲ ಸ್ಟೇಟ್‌ಮೆಂಟ್ ತೆಗೆದೆವು. ಮೂವತ್ತು ವರ್ಷ ಮಿಲಿಮೀಟರಿನ ನೂರನೇ ಪಾಲು ಅಳೆದ ಕೈ, ಪ್ರತಿ ಸಾಲಿನ ಮೇಲೂ ಪೆನ್ಸಿಲ್ ಇಟ್ಟು ನಿಲ್ಲುತ್ತಿತ್ತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಹೊಡೆತ ಆ ರಾತ್ರಿ ಕಣ್ಣಿಗೆ ಬಿತ್ತು. ಕಮಿಷನ್, ಶಿಪ್ಪಿಂಗ್ ಮೇಲೆ ನಾನು ಕೊಡುವ ಜಿಎಸ್‌ಟಿ 18 ಪರ್ಸೆಂಟ್, ಮಂಡಕ್ಕಿ ಮೇಲೆ ನಾನು ವಸೂಲು ಮಾಡುವುದು 5. ಹೊಂದಾಣಿಕೆಯಾಗಿ ಉಳಿದದ್ದು ಪೋರ್ಟಲಿನ ಲೆಡ್ಜರಿನಲ್ಲಿ ಜಮೆಯಾಗಿ ಕೂರುತ್ತದೆ. ಕೊಂಡ ಸರಕಿಗೆ ಹೆಚ್ಚು ತೆರಿಗೆ ಕೊಟ್ಟಿದ್ದರೆ ರಿಫಂಡ್ ಕೇಳಬಹುದು, ಸೇವೆಗೆ ಕೊಟ್ಟದ್ದಕ್ಕೆ ಇಲ್ಲ. 2021ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ನಿಯಮವನ್ನೇ ಎತ್ತಿಹಿಡಿದಿದೆ. ಆನ್‌ಲೈನ್ ಕಂಪನಿ ನಮ್ಮ ಮಾರಾಟದ ಮೇಲೆ ಮುರಿದುಕೊಳ್ಳುವ ಅರ್ಧ ಪರ್ಸೆಂಟ್ ಟಿಸಿಎಸ್ ಮಾತ್ರ ನಮ್ಮ ಕ್ಯಾಶ್ ಲೆಡ್ಜರಿಗೆ ವಾಪಸ್ ಬರುತ್ತದೆ, ಅದೂ ನಾವು ಪೋರ್ಟಲಿನಲ್ಲಿ ಒಪ್ಪಿಕೊಂಡರೆ. ನಾನು ಒಪ್ಪಿಕೊಂಡಿರಲಿಲ್ಲ. ಆಡಿಟರ್‌ಗೂ ಹೇಳಿರಲಿಲ್ಲ. ಕ್ಲೀನಾದ ಹುಡುಗ.

ಮಂಡಕ್ಕಿ ಕಳಿಸುವುದನ್ನು ನಿಲ್ಲಿಸಿದೆ. ಭಟ್ಟಿಯ ಬಾಕಿ ಕೊಡಲು ದಾವಣಗೆರೆಗೆ ಹೋದಾಗ ಸಾಬರಿಗೆ ಎಲ್ಲ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಭದ್ರಾ ನಾಲೆಯ ಭತ್ತ ಲಾರಿಗಟ್ಟಲೆ ಎಲ್ಲೆಲ್ಲಿಗೋ ಹೋಗುತ್ತದೆ, ಮಂಡಕ್ಕಿ ಅಷ್ಟು ದೂರ ಹೋಗುವುದಿಲ್ಲ; ಲಾರಿ ತುಂಬಿದರೂ ಬಾಡಿಗೆ ಹುಟ್ಟುವುದಿಲ್ಲ. ಅದಕ್ಕೇ ದೊಡ್ಡ ಊರುಗಳಲ್ಲಿ ಅವರವರ ಭಟ್ಟಿ ಇರುವುದು. ದೂರಕ್ಕೆ ಕಳಿಸುವುದಾದರೆ ಅಕ್ಕಿ ಕಳಿಸಿ ಅಲ್ಲೇ ಹುರಿಯಬೇಕು. ಅವರು ಇದನ್ನು ಪಾಠವಾಗಿ ಹೇಳಲಿಲ್ಲ. ಮರಳು ಜರಡಿ ಹಿಡಿಯುತ್ತಾ, ನನಗೆ ಇದು ಮೊದಲೇ ಗೊತ್ತಿದೆ ಎಂಬಂತೆ ಹೇಳಿದರು. ಗೊತ್ತಿರಬೇಕಾಗಿತ್ತು ಕೂಡ.

ಕಷ್ಟವಾದದ್ದು ಓಣಿಯ ಹೆಣ್ಣುಮಕ್ಕಳಿಗೆ ಹೇಳುವುದು. ಅವರಲ್ಲೊಬ್ಬರು ಆ ಕೂಲಿಯಲ್ಲಿ ಮಗಳ ಟ್ಯೂಷನ್ ಫೀಸು ಕಟ್ಟುತ್ತಿದ್ದರು. ಕೆಲಸ ಇಲ್ಲ ಅಂದಾಗ ಆಕೆ ನನ್ನನ್ನೇ ನೋಡಿದರು. "ಅಣ್ಣಾರೆ, ದಿನಾ ಅಷ್ಟು ಡಬ್ಬಿ ಹೋಗ್ತಿದ್ವು. ನಾವೇ ಕಟ್ಟೀವಿ. ಅದು ಹೆಂಗ ಲುಕ್ಸಾನು?" ಸುಳ್ಳು ಹೇಳುತ್ತಿದ್ದೇನೆ ಅಂತಲೇ ಅವರ ಅನುಮಾನ. ಡಬ್ಬಿ, ಸ್ಕೇಲು, ಕ್ಯಾಲೆಂಡರ್ ಹಿಂದಿನ ಲೆಕ್ಕ ಎಲ್ಲ ಮುಂದಿಟ್ಟು ಬಿಡಿಸಿ ಹೇಳಿದೆ. ಪೂರ್ತಿ ಕೇಳಿದರು. ಡಬ್ಬಿ ಬಿಚ್ಚಿ ಮಂಡಕ್ಕಿ ಪೌಚನ್ನು ಪಕ್ಕಕ್ಕಿಟ್ಟು, ತಳದಲ್ಲಿದ್ದ ಮಸಾಲೆ ಪೊಟ್ಟಣ ಕೈಗೆತ್ತಿಕೊಂಡರು. "ಮಂಡಕ್ಕಿ ಎಲ್ಲ ಊರಾಗೂ ಸಿಗ್ತದ. ಇದು ನಿಮ್ಮನ್ಯಾಗ ಮಾತ್ರ ಸಿಗೂದು. ಇದನ್ನ ಮಾರಬೇಕಿತ್ತಲ್ರಿ."

ಅಷ್ಟು ತಿಂಗಳಲ್ಲಿ ನನಗಾಗಲಿ, ನನ್ನ ಹೆಂಡತಿಗಾಗಲಿ, ಆಡಿಟರ್‌ಗಾಗಲಿ ಹೊಳೆದಿರಲಿಲ್ಲ.

ಈಗ ಮಸಾಲೆ ಮಾತ್ರ ಮಾರುತ್ತೇವೆ. ನೂರು ಗ್ರಾಮಿನ ಮೂರು ಪೊಟ್ಟಣ ಒಂದು ಕವರಿನಲ್ಲಿ, ಅರ್ಧ ಕಿಲೋ ಸ್ಲ್ಯಾಬಿನ ಒಳಗೆ ಬರುತ್ತದೆ, ಒತ್ತಿದರೂ ನುಚ್ಚಾಗುವುದಿಲ್ಲ. ಜಾಹೀರಾತು ಇಲ್ಲ. ಮುಂಗಡ ದುಡ್ಡು ಕೊಟ್ಟವರಿಗೆ ಮಾತ್ರ. ಆರ್ಡರ್ ಬರುವುದು ಅಪರೂಪಕ್ಕೆ. ಟಿಂಗ್ ಎಂದರೆ ಈಗ ಯಾರೂ ಓಡಿ ಬರುವುದಿಲ್ಲ. ಒಬ್ಬರಿಗಷ್ಟೇ ಕೆಲಸ ಕೊಡಲು ಸಾಧ್ಯವಾಗಿದೆ, ಅವರಿಗೇ ಕೊಟ್ಟಿದ್ದೇನೆ. ಕಿರಾಣಿಗೆ ಸರಕು ತುಂಬಲು ತೆಗೆದ ಸಾಲದ ಕಂತು ಇನ್ನೂ ನಡೆಯುತ್ತಿದೆ, ಮಸಾಲೆಯ ಲಾಭ ಅದರ ಬಡ್ಡಿಗೂ ಸಾಲದು. ಕೆಂಪು ಅಕ್ಷರದ ಡಬ್ಬಿಗಳಲ್ಲಿ ಅಂಗಡಿಯ ಗಿರಾಕಿಗಳು ಸಾಮಾನು ತುಂಬಿಕೊಂಡು ಹೋಗುತ್ತಾರೆ.

ವಾರದ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಅಪ್ಪನ ಮುಂದೆ ಇಡುವುದು ಈಗ ಮನೆಯ ಕಾನೂನು. ಮೊನ್ನೆ ಒಂದು ಸಾಲಿಗೆ ಪೆನ್ಸಿಲ್ ಗೆರೆ ಎಳೆದು ವಾಪಸ್ ಕೊಟ್ಟರು. ನಾಲ್ಕು ರೂಪಾಯಿ ಚಿಲ್ಲರೆ ಕಡಿತ, ಹೆಸರು ಮೂರಕ್ಷರದ ಸಂಕ್ಷೇಪ. "ಇದೇನು?" ಅಂದರು. ಗೊತ್ತಿಲ್ಲಪ್ಪ, ಕೇಳಿ ಹೇಳ್ತೀನಿ ಅಂದೆ. ಕಸ್ಟಮರ್ ಕೇರ್‌ಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ಅಪ್ಪ ದಿನಾ ಸಂಜೆ ಕೇಳುತ್ತಿದ್ದಾರೆ.